ಮಂಡಿನೋವು ಮತ್ತು ಸ್ಪರ್ಶದ ಅರಿವು

ನೋವು ಸ್ಪರ್ಶದ ಒಂದು ಬಗೆಯೋ, ಅದಕ್ಕಿಂತ ಬೇರೆಯೋ? ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯು ಸ್ಪರ್ಶವನ್ನು ಮೃದು-ಕಠಿನ, ಗುರು-ಲಘು, ಶೀತ-ಉಷ್ಣ, ಸ್ನಿಗ್ಧ-ರೂಕ್ಷ ಎಂದು 8 ಬಗೆಯಾಗಿ ಎಣಿಸುತ್ತದೆ. ನೋವು ಈ ಎಂಟರಲ್ಲಿಲ್ಲ. ಅದರ ವಿಚಾರ ವೇದನೀಯ ಕರ್ಮದ ಪ್ರಸಂಗದಲ್ಲಿ ಬರುತ್ತದೆ. ಜೈನಕಾವ್ಯಗಳ ಪಾಠದ ನಡುವೆ ಈ ಪಟ್ಟಿಯನ್ನು ಎಷ್ಟೋ ವರ್ಷ ವಿವರಿಸಿದ ನನಗೆ ಆ ವಿಂಗಡಣೆಯ ಸೂಕ್ಷ್ಮ ದೇಹಕ್ಕೆ ತಟ್ಟಿದ್ದು ಬಲಮಂಡಿಯ ಸಂಧಿವಾತ ಹಳತಾದ ಮೇಲೆಯೇ.

ನೋಯುವ ಭಾಗದಲ್ಲಿ ಸಂವೇದನೆ ಹೆಚ್ಚಿರಬೇಕೆಂಬುದು ಸಾಮಾನ್ಯ ಊಹೆ. ನನ್ನ ಅನುಭವ ಬೇರೆ. ಪಂಚೆಯ ಅಂಚು ಎಡಮಂಡಿಗೆ ತಾಗಿದರೆ ನೂಲಿನ ಒರಟುತನ ಸ್ಪಷ್ಟವಾಗಿ ತಿಳಿಯುತ್ತದೆ. ಬಲಮಂಡಿಗೆ ಏನೋ ತಾಗಿತೆಂಬಷ್ಟೇ ಅರಿವು. ಇದು ನನ್ನೊಬ್ಬನ ಭ್ರಮೆಯಲ್ಲ. ಚರ್ಮದ ಮೇಲೆ ಎರಡು ಮೊನೆಗಳನ್ನು ಒಟ್ಟಿಗೆ ಊರಿ, ಅವು ಎರಡೆಂದು ತಿಳಿಯಲು ಎಷ್ಟು ಅಂತರ ಬೇಕೆಂದು ಅಳೆಯುವ ಪರೀಕ್ಷೆಯೊಂದಿದೆ. ಬಹುಕಾಲದ ಮಂಡಿನೋವಿನವರಿಗೆ ಹೆಚ್ಚಿನ ಅಂತರ ಬೇಕಾಗುವುದನ್ನು ವೈದ್ಯಸಂಶೋಧಕರು ಕಂಡಿದ್ದಾರೆ. ಇನ್ನೊಂದು ವಿಪರ್ಯಾಸವಿದೆ: ಸವೆಯುವ ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ಸವೆತ ಮೌನವಾಗಿ ಸಾಗುತ್ತದೆ. ಕೂಗುವುದು ಅದರಡಿಯ ಮೂಳೆ, ಕೀಲಿನ ಒಳಪೊರೆ ಮುಂತಾದ ನೆರೆಹೊರೆ.

ಮುಟ್ಟುವ ಅರಿವಿಗಿಂತ ಹೆಚ್ಚು ಕಾಡಿದ್ದು ಅಂಗ ಎಲ್ಲಿದೆಯೆಂಬ ಅರಿವಿನ ಕೊರತೆ. ಕಣ್ಣು ಮುಚ್ಚಿದರೂ ಕೈಕಾಲುಗಳ ನೆಲೆಯನ್ನು ತಿಳಿಸುವ ಈ ಶಕ್ತಿಗೆ ಷೆರಿಂಗ್‌ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಶನ್ ಎಂಬ ಹೆಸರನ್ನಿತ್ತ. ಸ್ನಾಯು, ಅಸ್ಥಿಬಂಧ, ಕೀಲಿನ ಕೋಶ ಇವುಗಳಲ್ಲಿರುವ ಸಂವೇದಕಗಳು ಇದಕ್ಕೆ ಆಧಾರ. ಕನ್ನಡದಲ್ಲಿ ಇದಕ್ಕೆ ಬಳಕೆಯ ಪದವೊಂದು ನೆಲೆಗೊಂಡಿಲ್ಲ. ಅದು ಇಲ್ಲವಾದಾಗ ಆಡುವ ಮಾತುಗಳು ಮಾತ್ರ ನಮ್ಮಲ್ಲಿ ಸೊಗಸಾಗಿವೆ: ಕಾಲು ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ. ಮರವಾಗುವುದೆಂದರೆ ಇದ್ದೂ ತನ್ನದಲ್ಲದಂತಾಗುವುದು. ನನ್ನ ಕಾಲಿಗೆ ಆದದ್ದು ಜೋಮಲ್ಲ, ಆದರೆ ಮರಗಟ್ಟುವುದಕ್ಕೆ ಸಮೀಪದ ಸ್ಥಿತಿ.

ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಮಿಕ್ಕ ಮೆಟ್ಟಿಲುಗಳಲ್ಲಿ ಇದು ಚೆನ್ನಾಗಿ ತಿಳಿಯಿತು. ಏರುವಾಗ ಏದುಸಿರು, ಅಷ್ಟೆ. ಇಳಿಯುವಾಗ ಮಾತ್ರ ಬಲಪಾದ ಕಲ್ಲನ್ನು ಮುಟ್ಟುವ ಮುನ್ನ ಎಲ್ಲಿದೆಯೆಂದು ಕಣ್ಣಿನಿಂದ ನೋಡಬೇಕಾಯಿತು. ಬರಿಗಾಲಿಗೆ ಬಂಡೆಯ ಬಿಸಿ, ಒರಟು ಎಲ್ಲವೂ ತಿಳಿಯುತ್ತಿತ್ತು. ಆ ಪಾದವನ್ನು ಹೊತ್ತ ಮಂಡಿ ಎಷ್ಟು ಬಾಗಿದೆಯೆಂಬುದು ತಿಳಿಯುತ್ತಿರಲಿಲ್ಲ. ಶಾಸ್ತ್ರದ ಅಷ್ಟಸ್ಪರ್ಶಗಳು ಅಂಗಾಲಿನಲ್ಲಿ ಅಖಂಡವಾಗಿದ್ದವು. ದೇಹ ಮಾತ್ರ ನಡುವೆ ತುಂಡಾದಂತಿತ್ತು.

ಅಂದಿನಿಂದ ಮುಸ್ಸಂಜೆಯಲ್ಲಿ ಮೆಟ್ಟಿಲಿಳಿಯುವುದನ್ನು ಬಿಟ್ಟಿದ್ದೇನೆ. ವ್ಯಾಯಾಮ ಕಲಿಸುವವರು ಮಂಡಿಗೆ ಹಿಗ್ಗುವ ಪಟ್ಟಿಯೊಂದನ್ನು ತೊಡಲು ಹೇಳಿದರು. ಭಾರ ಹೊರುವಷ್ಟು ಬಿಗಿಯಿಲ್ಲದ ಈ ಬಟ್ಟೆ ಏನು ಮಾಡೀತು ಎಂದುಕೊಂಡೆ. ಆದರೆ ಮಂಡಿ ಬಾಗಿದಂತೆಲ್ಲ ಅದು ಚರ್ಮವನ್ನು ಒತ್ತುತ್ತದೆ, ಎಳೆಯುತ್ತದೆ. ಕೀಲು ಹೇಳಲಾರದ್ದನ್ನು ಚರ್ಮ ಒಂದಿಷ್ಟು ಹೇಳುತ್ತದೆ. ಅದನ್ನು ತೊಟ್ಟ ದಿನ ಕಾಲೇಜಿನ ಮೆಟ್ಟಿಲುಗಳನ್ನು ಕೆಳಗೆ ನೋಡದೆ ಇಳಿಯುತ್ತೇನೆ.