ಅದೂ ಉಪ್ಪೇ ಅಲ್ಲೇನ್ರಿ?

ಒಂಬತ್ತನೇ ತರಗತಿಯ ಬೋಧನಾಭ್ಯಾಸಕ್ಕೆ ಊರ ಗೋಮಾಳದ ಚೌಳು ಹೆಂಟೆಯನ್ನೇ ತರಿಸಿದ್ದೆ. ಅಲ್ಲಿ ಹುಲ್ಲು ಹತ್ತುವುದಿಲ್ಲ. ಮಳೆನೀರು ಇಂಗದು, ಒಣಗಿದರೆ ಗುದ್ದಲಿ ಇಳಿಯದು.

ಹೆಂಟೆ ಹಾಕಿದ ಮಳೆನೀರು ರಾಡಿಯಾಯಿತು, ಪಾಠ ಮುಗಿದರೂ ತಿಳಿಯಾಗಲಿಲ್ಲ. ಜೇಡಿಕಣಗಳಿಗೆ ಅಂಟಿದ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ. 15 ಮೀರಿದರೆ ಕಣಗಳು ಹೀಗೆ ಚದುರುತ್ತವೆ. ಕೆಳಗಿಳಿದು ಮಣ್ಣಿನ ರಂಧ್ರ ಮುಚ್ಚುತ್ತವೆ. ಗಟ್ಟಿ ಪದರ ಆಗುವುದು ಹಾಗೆ. ಪಠ್ಯದ 'ಉಪ್ಪು ಮಣ್ಣು' ಎಂಬ ಮಾತು ಇದಕ್ಕೆ ಸಾಲದು.

ಅರ್ಧ ರಾಡಿಗೆ ಜಿಪ್ಸಂ ಬೆರೆಸಿದೆವು. ಮಣ್ಣು ತಳ ಸೇರಿತು.

"ಅದೂ ಉಪ್ಪೇ ಅಲ್ಲೇನ್ರಿ ಸರ್?" ಎಂದಳು ಕುರಿಗಾಹಿ ಮನೆಯ ಹುಡುಗಿ. ಪಾಠಯೋಜನೆಯಲ್ಲಿ ಇಲ್ಲದ, ಇರಬೇಕಿದ್ದ ಪ್ರಶ್ನೆ! ಉಪ್ಪೇ, ಆದರೆ ಕ್ಯಾಲ್ಸಿಯಂನದು: ಸೋಡಿಯಂ ಜಾಗಕ್ಕೆ ಬಂದು ಕಣಗಳನ್ನು ಕೂಡಿಸುತ್ತದೆ. ಹೊರಬಿದ್ದ ಸೋಡಿಯಂ ಬಸಿದುಹೋಗಲು ನೀರು ಬೇಕು.

"ಮಳೀನ ಕಮ್ಮಿ ಐತಲ್ರಿ ನಮ್ಮೂರಾಗ."

ನಾಳಿನ ಪಾಠ ಅಲ್ಲಿಂದಲೇ.