ಜ್ವರಕ್ಕೆ ಕುಳಿತ ಹುಳು

ನಮ್ಮ ಧರ್ಮಕೇಂದ್ರದಲ್ಲಿ ಒಂದು ಪದ್ಧತಿಯಿದೆ. ಪದವಿ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಒಂದು ಭಾನುವಾರದ ಬಲಿಪೂಜೆಯಲ್ಲಿ, ತೇರ್ಗಡೆಯಾದ ಯುವಕ ಯುವತಿಯರು ಮೇಣದ ಬತ್ತಿ ಹಿಡಿದು ಬಲಿಪೀಠದ ಬಳಿ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರ ಹೆಸರನ್ನೂ ಓದಲಾಗುತ್ತದೆ. ಹೆತ್ತವರ ಮುಖದಲ್ಲಿ ಆಗ ಕಾಣುವ ಸಂತೋಷವನ್ನು ನೋಡುವುದೇ ಒಂದು ಭಾಗ್ಯ. ಕಳೆದ ವರ್ಷ ಆ ಭಾನುವಾರದ ಹಿಂದಿನ ಸಂಜೆ ಒಬ್ಬ ತಾಯಿ ಗುರುಮನೆಗೆ ಬಂದರು.

"ಸ್ತೋತ್ರ ಫಾದರ್. ನಾಳೆ ನಮ್ಮ ಹುಡುಗನ ಹೆಸರು ಓದಬೇಡಿ. ಫಲಿತಾಂಶ ಬರೋ ಮೊದಲೇ ಆಸೆಯಿಂದ ನಾನೇ ಬರೆಸಿಬಿಟ್ಟಿದ್ದೆ. ಎರಡು ವಿಷಯದಲ್ಲಿ ಫೇಲಾಗಿದ್ದಾನೆ. ಮೂರು ದಿನದಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಪೂಜೆಗೂ ಬರಲ್ಲ ಅಂತಾನೆ," ಎಂದರು.

ನಾವು ಗುರುಗಳು ಸಾಮಾನ್ಯವಾಗಿ ಹೇಳುವ ಮಾತುಗಳನ್ನೇ ನಾನೂ ಹೇಳಿದೆ. ಎದೆಗುಂದಬೇಡಿ, ಇದರಲ್ಲೂ ದೇವರ ಚಿತ್ತವಿರುತ್ತದೆ, ಮುಂದಿನ ಬಾರಿ ಪಾಸಾಗುತ್ತಾನೆ ಎಂದೆ. ಅವರು ತಲೆಯಾಡಿಸಿ ಹೊರಟರು. ಗೇಟಿನ ಬಳಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ಕಂಡಾಗ, ನನ್ನ ಮಾತು ಅವರನ್ನು ಮುಟ್ಟಿಲ್ಲವೆಂದು ತಿಳಿಯಿತು. ಇದೇ ಮಾತುಗಳನ್ನು ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ನನಗೂ ಹೇಳಿದ್ದರು. ಆಗ ಅವು ನನ್ನನ್ನೂ ಮುಟ್ಟಿರಲಿಲ್ಲ.

ಆಗ ನಾನು ಸೆಮಿನರಿಯಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಬಂದವನಿಗೆ ಆ ಪಾಠಗಳ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಉರುಹೊಡೆಯುತ್ತಿದ್ದೆ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಉರುಹೊಡೆದದ್ದು ಕೈಕೊಟ್ಟಿತು. ಹಿರಿಯರು ಕರೆದು, "ಒಂದು ವರ್ಷ ಹೊರಗಿದ್ದು ಬಾ. ಆಮೇಲೆ ನೋಡೋಣ," ಎಂದರು. ಜೊತೆಯವರು ದೈವಶಾಸ್ತ್ರದ ತರಗತಿಗೆ ಹೋದರು. ನಾನು ತಗಡಿನ ಪೆಟ್ಟಿಗೆಯೊಂದಿಗೆ, ದಿನಕ್ಕೆ ಎರಡೇ ಬಾರಿ ಬಸ್ಸು ಬರುವ ಒಂದು ಊರಿನ ಗುರುಮನೆಗೆ ಹೋದೆ. "ಏನು ಬ್ರದರ್, ಓದು ಮುಗೀತಾ?" ಎಂದು ಕೇಳಿದವರಿಗೆಲ್ಲ, ತರಬೇತಿಗೆಂದು ಕಳಿಸಿದ್ದಾರೆ ಎಂದು ಹೇಳುತ್ತಿದ್ದೆ. ಆ ಸುಳ್ಳನ್ನು ಒಂದು ವರ್ಷ ಕಾಪಾಡಿಕೊಂಡು ಬಂದೆ. ಸೋಲಿನ ಭಾರಕ್ಕಿಂತ ಅದನ್ನು ಮುಚ್ಚಿಡುವ ಭಾರವೇ ಹೆಚ್ಚು ಎಂಬುದು ನನಗೆ ಅಲ್ಲಿ ಗೊತ್ತಾಯಿತು.

ಅಲ್ಲಿನ ವೃದ್ಧ ಗುರುಗಳು ನನಗೆ ಕೊಟ್ಟ ಕೆಲಸ, ಗೆದ್ದಲು ಹತ್ತಿದ್ದ ಹಳೆಯ ಜ್ಞಾನಸ್ನಾನದ ದಫ್ತರುಗಳನ್ನು ಹೊಸ ಪುಸ್ತಕಗಳಿಗೆ ನಕಲು ಮಾಡುವುದು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ, ದಿನಾಂಕ. ಪುಟದ ಮೇಲೆ ಪುಟ. ತತ್ವಶಾಸ್ತ್ರ ಓದಿದವನಿಗೆ ಇದು ಗುಮಾಸ್ತೆಯ ಕೆಲಸವೆಂದು ಒಳಗೊಳಗೇ ಕುದಿಯುತ್ತಿದ್ದೆ. ಆತುರದಲ್ಲಿ ಗೀಚಿದ ಒಂದು ಪುಟವನ್ನು ಗುರುಗಳು ನೋಡಿ ಮತ್ತೆ ಬರೆಯಲು ಹೇಳಿದರು. "ಹೆಸರು ಬರೆಯುವಾಗ ಆತುರ ಬೇಡ ಬ್ರದರ್. ನಿಮಗೆ ಇದು ಒಂದು ಸಾಲು. ಈ ಊರಿನ ಎಷ್ಟೋ ಜನಕ್ಕೆ ತಾವು ಹುಟ್ಟಿದ್ದಕ್ಕೆ ಇದೊಂದೇ ದಾಖಲೆ," ಎಂದರು.

ಅಪ್ಪ ಒಂದು ಸಲ ನೋಡಲು ಬಂದರು. ನಮ್ಮದು ರೇಷ್ಮೆ ಸಾಕುವ ಮನೆತನ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಪೊರೆ ಕಳಚುತ್ತದೆ; ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿ, ಅಲುಗಾಡದೆ, ಸತ್ತಂತೆ ಇರುತ್ತದೆ. ತಿಳಿಯದವರು ರೋಗವೆಂದು ಹೆದರುತ್ತಾರೆ. ತಿಳಿದವರು ಸೊಪ್ಪು ಹಾಕುವುದನ್ನು ನಿಲ್ಲಿಸಿ, ತಟ್ಟೆಯನ್ನು ಅಲುಗಿಸದೆ ಕಾಯುತ್ತಾರೆ. ಹಳೆಯ ಚರ್ಮ ಬಿಗಿಯಾಗಿದೆ, ಒಳಗಿನ ಹುಳು ಬೆಳೆದಿದೆ ಎಂಬುದಷ್ಟೇ ಅದರ ಅರ್ಥ. ಬಸ್ಸಿಗೆ ಹೊರಟು ನಿಂತಾಗ ಅಪ್ಪ, "ಜ್ವರ ದಾಟದೆ ಯಾವ ಹುಳ ಗೂಡು ಕಟ್ಟಿದೆಯಪ್ಪಾ?" ಎಂದರು. ಪರೀಕ್ಷೆಯ ವಿಷಯವನ್ನು ಅವರು ಎತ್ತಿದ್ದು ಅದೊಂದೇ ಸಲ.

ಅದಾದ ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ ಬರೆಯುತ್ತಾ ಕುಳಿತವನಿಗೆ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ಒಂದೇ ಮನೆತನದ ಮೂರು ತಲೆಮಾರುಗಳ ಹೆಸರುಗಳು ಒಂದರ ಹಿಂದೆ ಒಂದು ನನ್ನ ಕೈಯಡಿ ಹಾದುಹೋಗಿದ್ದವು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ನಾನು ಇಷ್ಟಪಟ್ಟು ಆರಿಸಿಕೊಳ್ಳದ ಕೆಲಸವನ್ನು ನನಗೆ ಗೊತ್ತಿಲ್ಲದಂತೆಯೇ ಪ್ರೀತಿಸತೊಡಗಿದ್ದೆ. ಮರುವರ್ಷ ಸೆಮಿನರಿಗೆ ಮರಳಿದೆ. ನನ್ನ ಜೊತೆಯವರಿಗಿಂತ ಒಂದು ವರ್ಷ ತಡವಾಗಿ ಯಾಜಕಾಭಿಷೇಕವಾಯಿತು.

ಆ ಶನಿವಾರ ರಾತ್ರಿ ಇವೆಲ್ಲ ನೆನಪಾದವು. ಮರುದಿನದ ಪ್ರಬೋಧನೆಗೆಂದು ನಾನು ಸಿದ್ಧಮಾಡಿಕೊಂಡಿದ್ದು ಒಂದು ಪ್ರಸಿದ್ಧ ಭಾಷಣವನ್ನು ಕುರಿತ ಟಿಪ್ಪಣಿ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 2005ರ ಜೂನ್ 12ರಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪದವೀಧರರಿಗೆ ಮಾಡಿದ ಭಾಷಣ ಅದು. ಸ್ವತಃ ಪದವಿ ಪಡೆಯದ ಆ ಮನುಷ್ಯ ತನ್ನ ಬದುಕಿನ ಮೂರು ಕಥೆಗಳನ್ನು ಅಲ್ಲಿ ಹೇಳಿದರು. ಸಾಕು ತಂದೆತಾಯಿಗಳ ಉಳಿತಾಯವೆಲ್ಲ ಶುಲ್ಕಕ್ಕೇ ಕರಗುವುದನ್ನು ಕಂಡು ರೀಡ್ ಕಾಲೇಜನ್ನು ಆರು ತಿಂಗಳಲ್ಲೇ ಬಿಟ್ಟದ್ದು. ಆದರೂ ಅಲ್ಲೇ ಸುಳಿದಾಡುತ್ತಾ, ಸ್ನೇಹಿತರ ಕೋಣೆಗಳಲ್ಲಿ ನೆಲದ ಮೇಲೆ ಮಲಗುತ್ತಾ, ಅಂದವಾಗಿ ಅಕ್ಷರ ಬರೆಯುವ ಕಲೆಯ ತರಗತಿಗೆ ಹೋಗಿ ಕುಳಿತದ್ದು. ಹತ್ತು ವರ್ಷಗಳ ನಂತರ, 1984ರಲ್ಲಿ, ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯ ಮೇಲಿನ ಅಂದದ ಅಕ್ಷರಗಳಿಗೆ ಅದೇ ಮೂಲವಾಯಿತು. ಎರಡನೆಯದು, 1985ರಲ್ಲಿ, ಮೂವತ್ತರ ವಯಸ್ಸಿಗೆ, ತಾನೇ ಕಟ್ಟಿದ ಕಂಪನಿಯಿಂದ ಹೊರಬಿದ್ದದ್ದು. ಕೆಲಸದ ಮೇಲಿನ ಪ್ರೀತಿಯೊಂದರಿಂದಲೇ ಮತ್ತೆ ಮೊದಲಿನಿಂದ ಆರಂಭಿಸಿದ್ದು. ಮೂರನೆಯದು, ಕ್ಯಾನ್ಸರ್ ಬಂದು ಸಾವನ್ನು ಹತ್ತಿರದಿಂದ ಕಂಡದ್ದು. 2011ರ ಅಕ್ಟೋಬರ್ 5ರಂದು ಅವರು ತೀರಿಕೊಂಡರು.

ಈ ಕಥೆಯನ್ನು ಕಾಲೇಜುಗಳಲ್ಲಿ ಅನೇಕರು ಹೇಳುತ್ತಾರೆ. ಆದರೆ ಆ ಅಕ್ಷರದ ತರಗತಿಯ ಮೇಷ್ಟರು ಯಾರೆಂದು ಹೆಚ್ಚಿನವರು ಕೇಳುವುದಿಲ್ಲ. ಅವರ ಹೆಸರು ರಾಬರ್ಟ್ ಪಲಾಡಿನೋ. ಹರೆಯದಲ್ಲೇ ಟ್ರಾಪಿಸ್ಟ್ ಸಭೆಯ ಮಠ ಸೇರಿದವರು. ಮೌನವೇ ನಿಯಮವಾದ ಆ ಮಠದಲ್ಲಿ ಅಕ್ಷರ ಬರೆಯುವ ಕಲೆಯನ್ನು ರೂಢಿಸಿಕೊಂಡರು, ಗುರುಗಳೂ ಆದರು. 1968ರಲ್ಲಿ ಮಠದಿಂದ ಹೊರಬಂದರು, ಮರುವರ್ಷ ವಿವಾಹವಾದರು. 1969ರಿಂದ 1984ರವರೆಗೆ ರೀಡ್ ಕಾಲೇಜಿನಲ್ಲಿ ಆ ಕಲೆಯನ್ನು ಕಲಿಸಿದರು. 1984ರಲ್ಲಿ ಕಾಲೇಜು ಆ ತರಗತಿಗಳನ್ನೇ ನಿಲ್ಲಿಸಿತು. ಅದೇ ವರ್ಷ ಮ್ಯಾಕಿಂಟಾಷ್ ಹೊರಬಂದಿತ್ತು! ಅವರು ಕಲಿಸಿದ ಅಂದ ಲೋಕದ ಮೇಜುಗಳ ಮೇಲೆ ಬೆಳಗಲು ತೊಡಗಿದ ವರ್ಷವೇ ಅವರ ಪಾಠದ ಕೋಣೆಯ ದೀಪ ಆರಿತು. 1987ರಲ್ಲಿ ಪತ್ನಿ ಕ್ಯಾನ್ಸರಿನಿಂದ ತೀರಿಕೊಂಡರು. 1995ರಲ್ಲಿ ಪಲಾಡಿನೋ ಮತ್ತೆ ಯಾಜಕಸೇವೆಗೆ ಮರಳಿದರು. 2016ರಲ್ಲಿ, 83ರ ವಯಸ್ಸಿನಲ್ಲಿ, ನಿಧನರಾದರು. ಬದುಕಿನಲ್ಲಿ ಒಮ್ಮೆಯೂ ಅವರು ಕಂಪ್ಯೂಟರನ್ನು ಬಳಸಿರಲಿಲ್ಲ.

ಪ್ರಿಯ ಪದವೀಧರರೇ, ಭಾಷಣ ಮಾಡಿದ ಶಿಷ್ಯನ ಬದುಕಿಗಿಂತ ಈ ಮೇಷ್ಟರ ಬದುಕೇ ನಮಗೆ ಹತ್ತಿರದ್ದೆಂದು ನನಗನ್ನಿಸುತ್ತದೆ. ಕಾಲೇಜು ಬಿಟ್ಟವರೆಲ್ಲ ಜಾಬ್ಸ್ ಆಗುವುದಿಲ್ಲ. ಬ್ಯಾಂಕಿನ ಸಾಲ ತೀರಿಸಬೇಕಾದ ಮನೆಯ ಮಗಳಿಗೆ, ಇಷ್ಟವಾದ ಕೆಲಸ ಸಿಗುವವರೆಗೆ ಹುಡುಕುತ್ತಲೇ ಇರು ಎಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಅಪ್ಪ ರೇಷ್ಮೆಯನ್ನು ಆರಿಸಿಕೊಂಡವರಲ್ಲ. ಅದು ಅವರ ಅಪ್ಪನಿಂದ ಬಂದದ್ದು. ಆದರೂ ನಡುರಾತ್ರಿ ಲಾಟೀನು ಹಿಡಿದು ಹುಳುಗಳಿಗೆ ಸೊಪ್ಪು ಹಾಕುವಾಗ ಅವರ ಮುಖದಲ್ಲಿದ್ದುದು ಪ್ರೀತಿಯಲ್ಲದೆ ಬೇರೇನೂ ಅಲ್ಲ. ಕೆಲಸದ ಮೇಲಿನ ಪ್ರೀತಿ ಕೆಲವರಿಗೆ ಮೊದಲೇ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಕೆಲಸ ಮಾಡುತ್ತಾ ಮಾಡುತ್ತಾ, ಸರಿಯಿಲ್ಲದ ಪುಟವನ್ನು ಮತ್ತೊಮ್ಮೆ ಬರೆಯುತ್ತಾ ಹುಟ್ಟುತ್ತದೆ.

ಮಾಡಿದ ಕೆಲಸದ ಫಲವನ್ನು ನಾವೇ ಕಾಣುತ್ತೇವೆಂಬ ಭರವಸೆಯೂ ಇಲ್ಲ. ತರಗತಿಯಲ್ಲಿ ಕುಳಿತಿದ್ದ ಒಬ್ಬ ಹುಡುಗ ಏನನ್ನು ಹೊತ್ತುಕೊಂಡು ಹೋಗುತ್ತಿದ್ದಾನೆಂದು ಪಲಾಡಿನೋ ಅವರಿಗೆ ಅಂದು ಗೊತ್ತಿರಲಿಲ್ಲ. ಸಹೋದರರಿಂದ ಮಾರಲ್ಪಟ್ಟ ಹಳೆಯ ಒಡಂಬಡಿಕೆಯ ಜೋಸೆಫನಿಗೂ, ಬಾವಿಯ ತಳದಲ್ಲಿದ್ದಾಗ ಈಜಿಪ್ಟಿನ ಕಣಜಗಳು ಕಂಡಿರಲಿಲ್ಲ. ಆ ಹೊತ್ತಿಗೆ ಅವನ ಪಾಲಿಗೆ ಅದು ಬರೀ ಬಾವಿ. ಸೋತವರ ಮುಂದೆ ನಿಂತು, ಇದೆಲ್ಲ ಒಳ್ಳೆಯದಕ್ಕೇ ಎಂದು ಅವಸರದಲ್ಲಿ ಹೇಳಬಾರದು. ಆ ಮಾತನ್ನು, ವರ್ಷಗಳ ನಂತರ, ಅವರೇ ನಮಗೆ ಹೇಳಬೇಕು. ಅಲ್ಲಿಯವರೆಗೆ ನಾವು ಮಾಡಬೇಕಾದದ್ದು, ತಟ್ಟೆಯನ್ನು ಅಲುಗಿಸದೆ ಹತ್ತಿರದಲ್ಲೇ ಇರುವುದು.

ಆ ಭಾನುವಾರ ಸಿದ್ಧಪಡಿಸಿದ್ದ ಪ್ರಬೋಧನೆಯನ್ನು ಬದಿಗಿಟ್ಟೆ. ಆ ವರ್ಷ ನಾನು ಹೇಳಿದ ಸುಳ್ಳಿನ ಕಥೆಯನ್ನು, ಮೊದಲ ಬಾರಿಗೆ, ಧರ್ಮಕೇಂದ್ರದವರ ಮುಂದೆ ಹೇಳಿದೆ. ಅಪ್ಪನ ಮಾತನ್ನೂ ಪಲಾಡಿನೋ ಅವರ ಕಥೆಯನ್ನೂ ಹೇಳಿದೆ. ತಾಯಿಗೆ ಕೊಟ್ಟ ಮಾತಿನಂತೆ ಹುಡುಗನ ಹೆಸರನ್ನು ಓದಲಿಲ್ಲ. ಪೂಜೆ ಮುಗಿದ ಮೇಲೆ ನೋಡಿದರೆ, ಬಾಗಿಲ ಬಳಿಯ ಕಂಬದ ಮರೆಯಲ್ಲಿ ಅವನು ನಿಂತಿದ್ದ. ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಬಂದು ಕೇಳಿದ: "ಫಾದರ್, ಆ ಮೇಷ್ಟರು ನಿಜವಾಗಲೂ ಕಂಪ್ಯೂಟರ್ ಮುಟ್ಟೇ ಇರಲಿಲ್ವಾ?"

ಮರುಪರೀಕ್ಷೆಯಲ್ಲಿ ಅವನು ಒಂದು ವಿಷಯದಲ್ಲಿ ತೇರ್ಗಡೆಯಾದ. ಇನ್ನೊಂದು ಉಳಿದಿದೆ. ಈ ನಡುವೆ ವಾರಕ್ಕೆ ಮೂರು ದಿನ ಸಂಜೆ ಗುರುಮನೆಗೆ ಬಂದು, ನಮ್ಮ ಹಳೆಯ ಜ್ಞಾನಸ್ನಾನದ ದಫ್ತರುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾನೆ. ಹಿಂದಿನ ಗುರುಗಳ ಕೈಬರಹ ಓದಲಾಗುವುದಿಲ್ಲವೆಂದು ಗೊಣಗುತ್ತಾನೆ. ಮೊನ್ನೆ ಒಂದು ಹೆಸರಿನ ಮೇಲೆ ಬಹಳ ಹೊತ್ತು ಬಾಗಿ ಕುಳಿತಿದ್ದ. ಏನಪ್ಪಾ ಎಂದು ಕೇಳಿದೆ.

"ಇರಿ ಫಾದರ್. ತಪ್ಪಾಗಬಾರದು," ಎಂದ, ತಲೆಯೆತ್ತದೆ.

ಈ ವರ್ಷದಿಂದ ನಮ್ಮ ಪದ್ಧತಿಯನ್ನು ಸ್ವಲ್ಪ ಬದಲಿಸಿದ್ದೇವೆ. ಆ ಭಾನುವಾರ ಬಲಿಪೀಠದ ಬಳಿಗೆ ಬರಲು ತೇರ್ಗಡೆಯಾಗಿರಬೇಕೆಂಬ ನಿಯಮವಿಲ್ಲ. ಓದಿದವರೆಲ್ಲರೂ ಬರಬಹುದು. ಅಂಕಪಟ್ಟಿಯನ್ನು ನಾವು ಕೇಳುವುದಿಲ್ಲ. ಹೆಸರುಗಳನ್ನು ಮಾತ್ರ, ಆತುರವಿಲ್ಲದೆ, ಓದುತ್ತೇವೆ.