ಪುಟ್ಟ ಎಂಜಿನ್ ಕಲಿಸಿದ ಪಾಠ

ಕಾಯಕದಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲವೆಂದು ಬಸವಾದಿ ಶರಣರು ನಮಗೆ ತಿಳಿಸಿಕೊಟ್ಟಿದ್ದಾರೆ. ಈ ಮಾತನ್ನು ಸಭೆಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಸಂದರ್ಭ ಬಂದಾಗ ನಾವೂ ಆಡಿದ್ದೇವೆ. ಆದರೆ ಅದು ನಮ್ಮ ಮನಸ್ಸಿಗೆ ನಿಜವಾಗಿ ನಾಟಿದ್ದು ಎಪ್ಪತ್ತು ದಾಟಿದ ಮೇಲೆ, ಗೇಣುದ್ದದ ಒಂದು ಮಾದರಿ ರೈಲು ಎಂಜಿನ್ನಿನ ಮುಂದೆ ಕುಳಿತಾಗ.

2023ರ ಚಳಿಗಾಲದಲ್ಲಿ ಜರ್ಮನಿಯಲ್ಲಿರುವ ಮಗನ ಮನೆಯಲ್ಲಿದ್ದೆವು. ಆ ದೇಶದಲ್ಲಿ ಮಾದರಿ ರೈಲೆಂಬುದು ಕೇವಲ ಮಕ್ಕಳಾಟವಲ್ಲ. ನರೆತ ತಲೆಯವರೂ ಶ್ರದ್ಧೆಯಿಂದ ಮಾಡುವ ಹವ್ಯಾಸ. ನಿಜವಾದ ರೈಲಿನ ಎಂಬತ್ತೇಳನೆಯ ಒಂದು ಪಾಲಿನ ಅಳತೆ, ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ನೆರೆಮನೆಯ ವೃದ್ಧೆಯೊಬ್ಬರು ತೀರಿಹೋದ ತಮ್ಮ ಯಜಮಾನರ ಹಳೆಯ ಎಂಜಿನ್ನೊಂದನ್ನು ನಮ್ಮ ಮೊಮ್ಮಗನಿಗೆ ಕೊಟ್ಟು, ಅದು ಓಡುವ ದಿನ ತಮ್ಮನ್ನೂ ಕರೆಯಬೇಕೆಂದು ಹೇಳಿದ್ದರು.

ಹಳೆಯ ಪದ್ಧತಿಯಲ್ಲಿ ಹಳಿಗೆ ಕೊಡುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ವೇಗವನ್ನು ಬದಲಿಸುತ್ತಿದ್ದರು. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತಿದ್ದವು. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಗೀಸನ್ ನಗರದ ಲೆನ್ಜ್ ಸಂಸ್ಥೆಯವರು ಹೊಸ ವಿಧಾನವನ್ನು ರೂಪಿಸಿದರು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘವು ಅದನ್ನು ಆಧರಿಸಿ ಎಲ್ಲರಿಗೂ ಅನ್ವಯಿಸುವ ಮಾನದಂಡವನ್ನು ತಂದಿತು. ಈ ಡಿಜಿಟಲ್ ಪದ್ಧತಿಯಲ್ಲಿ ಹಳಿಗೆ ಸದಾ ಪೂರ್ಣ ವಿದ್ಯುತ್ ಇರುತ್ತದೆ. ಆ ವಿದ್ಯುತ್ತಿನಲ್ಲಿಯೇ ಆಜ್ಞೆಗಳು ಸಂಕೇತರೂಪದಲ್ಲಿ ಹರಿಯುತ್ತವೆ. ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಬೆರಳುಗುರಿನಷ್ಟು ಫಲಕವು ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ.

ನಾವು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಆದ್ದರಿಂದ ಹಳೆಯ ಎಂಜಿನ್ನಿಗೆ ಡಿಕೋಡರ್ ಜೋಡಿಸುವ ಹೊಣೆ ತಾನಾಗಿ ನಮಗೇ ಬಂತು. ತಂತಿಗಳ ಬಣ್ಣಕ್ಕೆ ನಿಯಮವಿದೆ. ಕೆಂಪು ಬಲಹಳಿಗೆ, ಕಪ್ಪು ಎಡಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ. ನೀಲಿ ದೀಪಗಳೆಲ್ಲಕ್ಕೂ ಸಾಮಾನ್ಯ. ಹದಿಮೂರು ವರ್ಷದ ಮೊಮ್ಮಗ ಅಚ್ಚುಕಟ್ಟಾಗಿ ಬೆಸುಗೆ ಹಾಕಿದ. ನಾವು ಮೋಟಾರಿನ ಒಂದು ಬದಿಗೆ ಮಾತ್ರ ಮೀಟರ್ ಹಿಡಿದು, ಸರಿಯಿದೆ ಎಂದೆವು.

"ಅಜ್ಜಾ, ಎರಡೂ ಕಡೆ ನೋಡಬೇಕೆಂದು ಪುಸ್ತಕದಲ್ಲಿ ಬರೆದಿದೆ" ಎಂದ ಹುಡುಗ.

"ತಮ್ಮಾ, ಇಂಥವನ್ನು ನಾವು ನೂರಾರು ನೋಡಿದ್ದೇವೆ, ಹಳಿಯ ಮೇಲಿಡು" ಎಂದೆವು.

ಇಟ್ಟ ಕ್ಷಣದಲ್ಲಿಯೇ ಸುಟ್ಟ ವಾಸನೆ ಬಂತು. ಡಿಕೋಡರ್ ಹಾಳಾಯಿತು. ಸಂಜೆ ಮನೆಗೆ ಬಂದ ಮಗ, "ಅವಸರದಲ್ಲಿ ಬೆಸುಗೆ ಕೆಡಿಸಿದ್ದೀಯ" ಎಂದು ಹುಡುಗನನ್ನೇ ಗದರಿದ. ಮೊಮ್ಮಗ ನಮ್ಮ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ನಾವು ಮಾತನಾಡಲಿಲ್ಲ.

ಆ ರಾತ್ರಿ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತರೂ ದೃಷ್ಟಿ ನಿಲ್ಲಲಿಲ್ಲ. ತಗ್ಗಿದ ಆ ತಲೆಯೇ ಕಣ್ಣ ಮುಂದೆ ಬರುತ್ತಿತ್ತು.

ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು, ಸುಟ್ಟ ಫಲಕವನ್ನು ಕಳಚಿ, ಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಎರಡನೆಯ ಬ್ರಷ್ಷಿಗೂ ಇನ್ನೊಂದನ್ನು ಗಾಲಿಗೂ ಮುಟ್ಟಿಸಿದೆವು. ಮೀಟರ್ ಕೂಗಿತು. ಆ ಕಾಲದ ಕೆಲವು ಎಂಜಿನ್ನುಗಳಲ್ಲಿ ಮೋಟಾರಿನ ಒಂದು ಬ್ರಷ್ ಲೋಹದ ಚೌಕಟ್ಟಿಗೇ ತಾಗಿರುತ್ತದೆ. ಹಳಿಯ ವಿದ್ಯುತ್ ಚೌಕಟ್ಟಿನ ಮೂಲಕವೇ ಮೋಟಾರಿಗೆ ಸೇರುತ್ತದೆ. ಹಳೆಯ ಪದ್ಧತಿಗೆ ಅದರಿಂದ ತೊಂದರೆಯಿರಲಿಲ್ಲ. ಡಿಜಿಟಲ್ ಪದ್ಧತಿಯಲ್ಲಾದರೋ ಮೋಟಾರಿಗೆ ಡಿಕೋಡರಿನಿಂದ ಮಾತ್ರ ವಿದ್ಯುತ್ ಬರಬೇಕು. ಚೌಕಟ್ಟಿನಿಂದ ನೇರವಾಗಿ ನುಗ್ಗಿದರೆ ಡಿಕೋಡರ್ ಉಳಿಯುವುದಿಲ್ಲ. ಹುಡುಗನ ಬೆಸುಗೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ದೋಷವಿದ್ದುದು ನಮ್ಮ ಅನುಭವದ ಗರ್ವದಲ್ಲಿ.

ಉಪಾಹಾರದ ಹೊತ್ತಿಗೆ ಮಗ, ಸೊಸೆ ಎಲ್ಲರ ಎದುರಿನಲ್ಲಿ, "ತಪ್ಪು ನಮ್ಮದು. ಹುಡುಗ ಎಚ್ಚರಿಸಿದ್ದ, ನಾವು ಕೇಳಲಿಲ್ಲ. ನಿನ್ನೆ ಬಾಯಿ ಮುಚ್ಚಿಕೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದೆವು. ಮಗ ಹುಡುಗನ ಬೆನ್ನು ಸವರಿದ. ಮೊಮ್ಮಗ ಮಾತ್ರ, "ಹಾಗಾದರೆ ಬ್ರಷ್ಷನ್ನು ಬೇರ್ಪಡಿಸುವುದು ಹೇಗೆ ಅಜ್ಜಾ?" ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಈ ಸಲ ಅವನು ಓದಿ ಹೇಳುವುದು, ನಾವು ಮಾಡುವುದು ಎಂದು ಗೊತ್ತುಮಾಡಿಕೊಂಡೆವು. ವಿದ್ಯುತ್ ಹರಿಯದ ವಸ್ತುವಿನಿಂದ ಮಾಡಿದ ಮೋಟಾರಿನ ಮುಚ್ಚಳವನ್ನು ತರಿಸಿ ಹಾಕಿದೆವು. ಎರಡೂ ಬ್ರಷ್ಷುಗಳಿಂದ ಚೌಕಟ್ಟಿಗೆ, ಎರಡೂ ಬದಿಯ ಗಾಲಿಗಳಿಗೆ ಮೀಟರ್ ಹಿಡಿದೆವು, ಎಲ್ಲಿಯೂ ಕೂಗಲಿಲ್ಲ. ಹೊಸ ಡಿಕೋಡರ್ ಜೋಡಿಸಿದ ಮೇಲೆ ಎಂಜಿನ್ನನ್ನು ಮೊದಲು ಪರೀಕ್ಷಾ ಹಳಿಯ ಮೇಲಿಟ್ಟೆವು. ಅಲ್ಲಿ ವಿದ್ಯುತ್ತಿಗೆ ಮಿತಿಯಿರುವುದರಿಂದ ತಪ್ಪು ಜೋಡಣೆಯಿದ್ದರೂ ಡಿಕೋಡರ್ ಸಾಮಾನ್ಯವಾಗಿ ಸುಡುವುದಿಲ್ಲ. ಮೊದಲ ದಿನ ನಾವು ಬಿಟ್ಟ ಇನ್ನೊಂದು ಹೆಜ್ಜೆ ಅದು.

ವಿಳಾಸ ಓದಲು ಹೋದರೆ ಉತ್ತರವಿಲ್ಲ. ಡಿಕೋಡರ್ ಮೋಟಾರನ್ನು ಕ್ಷಣಕಾಲ ಮಿಡಿಸಿ ಉತ್ತರ ಕೊಡುತ್ತದೆ. ಮೋಟಾರಿನ ತಂತಿ ಬಿಟ್ಟಿದ್ದರೂ ಗಾಲಿಯಲ್ಲಿ ಕೊಳೆಯಿದ್ದರೂ ಆ ಮಿಡಿತ ತಲುಪದು. ಗಾಲಿಗಳು ಕಪ್ಪಗಾಗಿದ್ದವು. ಸ್ಪಿರಿಟ್ ಹಚ್ಚಿ ಒರೆಸಿದ ಮೇಲೆ 3 ಎಂಬ ಅಂಕಿ ಮೂಡಿತು. ಹೊಸ ಡಿಕೋಡರಿಗೆ ಹುಟ್ಟಿನಿಂದ ಬಂದ ವಿಳಾಸ ಅದೇ.

ದೊಡ್ಡ ಹಳಿಯ ಮೇಲೆ ಮುಂದಕ್ಕೆ ಹೋಗೆಂದರೆ ಎಂಜಿನ್ ಹಿಂದಕ್ಕೆ ಹೋಯಿತು; ದೀಪ ಮಾತ್ರ ಸರಿಯಾಗಿ ಮುಂದೆಯೇ ಉರಿಯಿತು. ದೀಪ ಮತ್ತು ಚಲನೆ ಎರಡೂ ತಿರುಗಿದ್ದರೆ ಸಿ.ವಿ. 29 ಎಂಬ ಅಂಕಣದಲ್ಲಿ ದಿಕ್ಕನ್ನು ಬದಲಿಸಿದರೆ ಸಾಕಿತ್ತು. ಚಲನೆ ಮಾತ್ರ ತಿರುಗಿದ್ದುದರಿಂದ ಕಿತ್ತಳೆ ಮತ್ತು ಬೂದು ತಂತಿಗಳನ್ನು ಅದಲುಬದಲು ಮಾಡಬೇಕೆಂದು ಹುಡುಗ ಹೇಳಿದ. ಹಾಗೆಯೇ ಮಾಡಿದೆವು.

ಆ ಭಾನುವಾರ ನೆರೆಮನೆಯ ತಾಯಿಯನ್ನು ಕರೆದೆವು. ಎಂಜಿನ್ ದೀಪ ಬೆಳಗಿಸಿಕೊಂಡು ಮೇಜಿನ ಸುತ್ತ ಓಡಿತು. ಅವರು ಏನೂ ಹೇಳಲಿಲ್ಲ. ಇನ್ನೊಂದು ಸುತ್ತು ಓಡಿಸೆಂದು ಮೊಮ್ಮಗನಿಗೆ ಕೈಸನ್ನೆ ಮಾಡಿದರು.

ಓದುಗ ಬಂಧುಗಳೇ, ನಮ್ಮ ಮನೆಗಳಲ್ಲಿ ಕಿರಿಯರು ತಪ್ಪಿದಾಗ ತಿದ್ದುವ ಹಿರಿಯರಿಗೆ ಕೊರತೆಯಿಲ್ಲ. ಹಿರಿಯರು ತಪ್ಪಿದಾಗ ಅದನ್ನು ಕಿರಿಯರ ಮುಂದೆ ಒಪ್ಪಿಕೊಳ್ಳುವುದು ಅಪರೂಪ. ಒಂದು ಬದಿಯನ್ನಷ್ಟೇ ಪರೀಕ್ಷಿಸಿ ಎಲ್ಲ ಸರಿಯಿದೆ ಎನ್ನುವ ಅಭ್ಯಾಸ ಯಂತ್ರಕ್ಕೂ ಸಂಸಾರಕ್ಕೂ ಹಿತವಲ್ಲ. ಇದನ್ನು ನಮಗೆ ಕಲಿಸಿದ ಪುಟ್ಟ ಗುರುವಿಗೆ ಶರಣು ಶರಣಾರ್ಥಿ.